ಕುದುರೆಮುಖದಲ್ಲಿ ಒಂದು ಹಗಲು: ಕಲಬುರಗಿಯಿಂದ ಹಾಕಿಕೊಂಡ ಯೋಜನೆಯ ಪ್ರಗತಿ

ಜೂನ್

ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಒಂದು ಹಗಲಿನಲ್ಲಿ ವಾಹನದಲ್ಲೇ ದಾಟಬೇಕೆಂಬ ಯೋಚನೆಗೆ ಈ ತಿಂಗಳು ಒಂದು ಆಕಾರ ಬಂದಿದೆ. ಬೆಳಿಗ್ಗೆ ಕಳಸದಿಂದ ಹೊರಟು, ಸಂಸೆ ಮತ್ತು ಕುದುರೆಮುಖ ಊರುಗಳನ್ನು ಹಾದು, ಘಟ್ಟ ಇಳಿದು, ಬಜಗೋಳಿಯ ಮೂಲಕ ಸಂಜೆಯೊಳಗೆ ಕಾರ್ಕಳ ಸೇರುವುದು ಉದ್ದೇಶ. ಒಟ್ಟು ದೂರ ಸುಮಾರು 70 ಕಿ.ಮೀ. ನಮ್ಮಿಂದ ಹುಮನಾಬಾದಿಗೆ ಇರುವುದಕ್ಕಿಂತ ಇದು ಹೆಚ್ಚೇನೂ ಅಲ್ಲದ ಕಾರಣ, ಇಷ್ಟು ದಾರಿಗೆ ಇಡೀ ಹಗಲು ಏಕೆ ಎಂಬ ಪ್ರಶ್ನೆ ಮನೆಯಲ್ಲಿ ಮೊದಲ ದಿನವೇ ಎದ್ದಿತು. ಬಯಲುಸೀಮೆಯಲ್ಲಿ ಬೆಳೆದ ನಾವು ದೂರವನ್ನು ಗಂಟೆಗೆ 60 ಕಿ.ಮೀ. ಲೆಕ್ಕದಲ್ಲಿ ಅಳೆಯುತ್ತೇವೆ, ಘಟ್ಟದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ತಿರುವುಗಳು, ಮಂಜು, ಎದುರು ಬರುವ ಬಸ್ಸುಗಳು, ಅರಣ್ಯ ಇಲಾಖೆಯ ತನಿಖಾ ಠಾಣೆಗಳು, ಇವೆಲ್ಲವನ್ನೂ ಸೇರಿಸಿ ಗಂಟೆಗೆ 25 ಕಿ.ಮೀ. ಎಂದು ಹಿಡಿದಿದ್ದೇನೆ. ಅಂದರೆ ನಿಲ್ಲದೆ ಹೋದರೂ ಮೂರು ಗಂಟೆ ಬೇಕು.

ಮೊದಲು ತೀರ್ಮಾನವಾಗಬೇಕಿದ್ದದ್ದು ಋತು. ಕಲಬುರಗಿಯಲ್ಲಿ ವರ್ಷಕ್ಕೆ 800 ಮಿ.ಮೀ. ಆಸುಪಾಸಿನಲ್ಲಿ ಮಳೆಯಾದರೆ ನಾವು ಒಳ್ಳೆಯ ವರ್ಷ ಎನ್ನುತ್ತೇವೆ. ಕುದುರೆಮುಖದ ವಾರ್ಷಿಕ ಸರಾಸರಿ 7000 ಮಿ.ಮೀ. ಸುತ್ತಮುತ್ತ ಇದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಜಲಪಾತಗಳ ಅಬ್ಬರ ಆಗಲೇ ಹೆಚ್ಚೆಂಬುದು ನಿಜವಾದರೂ, ಆ ತಿಂಗಳುಗಳಲ್ಲಿ ಗುಡ್ಡಗಳೇ ಕಾಣದಷ್ಟು ಮೋಡ ಕವಿದಿರುವ ದಿನಗಳು ಹೆಚ್ಚು, ಮಣ್ಣು ಕುಸಿಯುವ ಭಯವೂ ಇರುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಗುಡ್ಡಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಕಂದು ನೆಲ ನೋಡಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಮಕ್ಕಳ ಶಾಲೆಗೆ ರಜೆಯಿರುವ, ಹುಲ್ಲು ಇನ್ನೂ ಹಸಿರಾಗಿರುವ, ಹಳ್ಳಗಳಲ್ಲಿ ನೀರು ಹರಿಯುತ್ತಿರುವ ಕಾಲವೆಂದರೆ ಅಕ್ಟೋಬರ್. ವಿಜಯದಶಮಿಯ ಜನಜಂಗುಳಿ ಕರಗಿದ ಮೇಲೆ, ವಾರದ ನಡುವಿನ ದಿನವೊಂದನ್ನು ಹಿಡಿಯುವುದೆಂದು ನಿಶ್ಚಯವಾಗಿದೆ.

ಜುಲೈ

ಈ ತಿಂಗಳ ಕೆಲಸವೆಲ್ಲ ಘಟ್ಟದ ಮೇಲಿನ ಆ ರಸ್ತೆಯ ತುದಿಗೆ ತಲುಪುವುದು ಹೇಗೆ ಎಂಬುದಕ್ಕೇ ಹೋಯಿತು. ನಮ್ಮ ಕಾರಿನಲ್ಲೇ ಹೋಗುವುದಾದರೆ ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಹೊಸಪೇಟೆ, ಚಿತ್ರದುರ್ಗ ಎಂದು ಸಾಗಿ ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ 500 ಕಿ.ಮೀ. ಮೀರುತ್ತದೆ. ದಿನವಿಡೀ ಚಕ್ರ ತಿರುಗಿಸಿದ ಕೈಗೆ ಮರುದಿನ ಘಟ್ಟವನ್ನು ಒಪ್ಪಿಸುವುದು ನನಗೆ ಸರಿಕಾಣಲಿಲ್ಲ. ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚದೆ ಎರಡನೆಯ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೆ ಗಾಡಿಯನ್ನು ಇಳಿಸುವ ಅಭ್ಯಾಸ ನಮ್ಮಂಥವರಿಗೆ ಇರುವುದಿಲ್ಲ. ಅದನ್ನು ಕಲಿಯಲು ತಕ್ಕಷ್ಟು ಉದ್ದದ ಇಳಿಜಾರು ನಮ್ಮ ತೊಗರಿ ಹೊಲಗಳ ನಡುವೆ ಎಲ್ಲಿದೆ?

ಸೋಲಾಪುರ–ಹಾಸನ ಎಕ್ಸ್‌ಪ್ರೆಸ್ ಕಲಬುರಗಿಯ ಮೇಲೆಯೇ ಹೋಗುವುದು ನೆನಪಾದಾಗ ದಾರಿ ಸುಲಭವಾಯಿತು. ರಾತ್ರಿ ಇಲ್ಲಿ ಹತ್ತಿದರೆ ಮರುದಿನ ಹಾಸನ. ಅಲ್ಲಿಂದ ಮುಂದೆ, ಘಟ್ಟದ ದಾರಿಗಳಲ್ಲಿ ಪಳಗಿದ ಚಾಲಕನಿರುವ ಏಳು ಆಸನದ ಬಾಡಿಗೆ ವಾಹನ. ಸ್ವಂತ ಕಾರಿನ ಪೆಟ್ರೋಲಿನ ವೆಚ್ಚದ ಜೊತೆ ಹೋಲಿಸಿದರೆ ಬಾಡಿಗೆ ಹೆಚ್ಚೇ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೋಡಲೆಂದು ಹೋದವರಲ್ಲಿ ಒಬ್ಬನ ಕಣ್ಣು ಪೂರ್ತಿ ರಸ್ತೆಯ ಮೇಲೆಯೇ ನೆಟ್ಟಿರಬೇಕಾದ ಪ್ರಮೇಯ ತಪ್ಪುತ್ತದೆ, ಮತ್ತು ಆ ಒಬ್ಬನು ನಾನೇ ಆಗಿರುತ್ತಿದ್ದೆ. ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ಮಾತ್ರ ತೆರೆಯುವುದರಿಂದ ಆ ಕೆಲಸ ಆಗಸ್ಟ್‌ಗೆ ಉಳಿಯಿತು.

ಹಾಸನದಿಂದ ಕಳಸಕ್ಕೆ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಹೋಗಬಹುದು. ಚಿಕ್ಕಮಗಳೂರು, ಬಾಳೆಹೊನ್ನೂರಿನ ಮೇಲೆಯೂ ಹೋಗಬಹುದು. ಅವ್ವ ಎರಡನೆಯದನ್ನೇ ಆರಿಸಿದ್ದಾರೆ. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಹೆಸರು ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ನಿತ್ಯವೂ ಕೇಳಿಬರುವಂಥದ್ದು, ಆದರೆ ಆ ಊರು ಭದ್ರಾ ನದಿಯ ದಂಡೆಯ ಮೇಲೆ ಕಾಫಿ ತೋಟಗಳ ನಡುವೆ ಇದೆಯೆಂಬುದನ್ನು ಕಣ್ಣಾರೆ ಕಂಡವರು ಕಡಿಮೆ.

ಆಗಸ್ಟ್

ರೈಲಿನ ಟಿಕೆಟ್ ಆಯಿತು. ಕೆಳಗಿನ ಬರ್ತ್‌ಗಳು ಹಿರಿಯರಿಬ್ಬರಿಗೂ ಸಿಕ್ಕಿವೆ.

ಉದ್ಯಾನದೊಳಗಿನ ದಾರಿಯನ್ನು ಈಗ ವಿವರವಾಗಿ ಕಟ್ಟುತ್ತಿದ್ದೇನೆ. ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದು 1987ರಲ್ಲಿ. ಸುಮಾರು 600 ಚ.ಕಿ.ಮೀ. ವಿಸ್ತೀರ್ಣದ ಈ ಕಾಡು ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಕುದುರೆಯ ಮುಖದಂತೆ ಕಾಣುವ ಶಿಖರದ ಎತ್ತರ 1894 ಮೀಟರ್. ಅದನ್ನು ಹತ್ತುವ ಚಾರಣಕ್ಕೆ ಪ್ರತ್ಯೇಕ ಅನುಮತಿ ಬೇಕು, ಇಡೀ ಒಂದು ದಿನವೂ ಬೇಕು, ಆದ್ದರಿಂದ ಅದು ನಮ್ಮ ಯೋಜನೆಯಲ್ಲಿಲ್ಲ. ರಸ್ತೆಯಿಂದ ಕಾಣಬೇಕಾದದ್ದು ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಜೋಡಣೆ: ನೀರು ನಿಲ್ಲುವ, ಗಾಳಿಗೆ ಮರೆಯಾದ ಕಣಿವೆಯ ಮಡಿಕೆಗಳಲ್ಲಿ ಮಾತ್ರ ಮರಗಳು ಒತ್ತಾಗಿ ಬೆಳೆದು, ತೆರೆದ ಬೆನ್ನುಗಳ ಮೇಲೆಲ್ಲ ಹುಲ್ಲೇ ಹುಲ್ಲು. ಬೋಳಾಗಿ ಕಾಣುವ ಆ ಗುಡ್ಡಗಳಲ್ಲಿ ಯಾರೋ ಮರ ಕಡಿದಿದ್ದಾರೆಂದು ಮಕ್ಕಳು ತಿಳಿಯುವ ಸಾಧ್ಯತೆ ಇರುವುದರಿಂದ ಈ ಮಾತನ್ನು ಹೊರಡುವ ಮೊದಲೇ ಹೇಳಿಡಬೇಕು. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ನಿಧಾನವಾಗಿ ಬಿಡುವುದು ಈ ಹುಲ್ಲು ಮತ್ತು ಶೋಲಾಗಳೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇಲ್ಲಿಯ ಗಂಗಾಮೂಲದ ಬೆಟ್ಟದಲ್ಲಿ ಹುಟ್ಟುತ್ತವೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರಿದರೆ, ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಪೂರ್ವಕ್ಕೆ ಹರಿದು ಕೃಷ್ಣೆಗೆ ಸೇರುತ್ತವೆ. ನಮ್ಮ ಭೀಮೆ ಕೃಷ್ಣೆಯನ್ನು ಅದಕ್ಕೂ ಮೇಲೆಯೇ ಸೇರಿರುತ್ತಾಳೆ; ಹೀಗಾಗಿ ಈ ಕಾಡಿನ ನೀರು ಮತ್ತು ನಮ್ಮ ಊರಿನ ನೀರು ಶ್ರೀಶೈಲದ ಜಲಾಶಯದಲ್ಲಿ ಕಲೆಯುತ್ತವೆ. ಗಂಗಾಮೂಲ ರಸ್ತೆಯ ಪಕ್ಕದಲ್ಲಿಲ್ಲ, ಕಾಡಿನ ಒಳಗಿದೆ. ಅಲ್ಲಿಗೆ ನಾವು ಹೋಗುವುದಿಲ್ಲ.

ಈ ದಾರಿಯಲ್ಲಿ ನನ್ನನ್ನು ಹೆಚ್ಚು ಸೆಳೆದಿರುವುದು ಗಣಿಯ ಕತೆ. ಕುದುರೆಮುಖ ಕಬ್ಬಿಣ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಅದಿರನ್ನು ಪುಡಿಮಾಡಿ ನೀರಿನೊಡನೆ ಬೆರೆಸಿ, 67 ಕಿ.ಮೀ. ಉದ್ದದ ಕೊಳವೆಯ ಮೂಲಕ ಘಟ್ಟದ ಕೆಳಗೆ ಮಂಗಳೂರಿನ ಬಂದರಿಗೆ ಹರಿಸಲಾಗುತ್ತಿತ್ತು, ಉಳಿದ ಹೂಳನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಲಾಗುತ್ತಿತ್ತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಗಾಗಿ ಎದ್ದ ಪಟ್ಟಣದ ಬಹುಪಾಲು ಮನೆಗಳು ಖಾಲಿಯಾದವು. ಶಹಾಬಾದ, ವಾಡಿಯ ಕಡೆ ಕಲ್ಲಿನ ಗಣಿ ಮತ್ತು ಸಿಮೆಂಟು ಕಾರ್ಖಾನೆಗಳ ನಡುವೆ ಓಡಾಡಿ ಬೆಳೆದವರಿಗೆ, ಗಣಿ ನಿಂತ ಮೇಲೆ ಒಂದು ಊರು ಹೇಗಿರುತ್ತದೆಂಬುದು ಬರೀ ಪ್ರವಾಸದ ಕುತೂಹಲವಲ್ಲ. ಅಪ್ಪನಿಗೂ ಈ ನಿಲುಗಡೆಯೇ ಮುಖ್ಯ.

ನಿಲುಗಡೆಗಳ ಪಟ್ಟಿ ಇದರ ನಂತರ ಬೆಳೆಯದೆ ಕುಗ್ಗುತ್ತಲೇ ಬಂದಿದೆ. ಅದಕ್ಕೆ ಕಾರಣ ತನಿಖಾ ಠಾಣೆಗಳು. ಉದ್ಯಾನವನ್ನು ಹೊಕ್ಕಾಗ ವಾಹನದ ಸಂಖ್ಯೆ ಮತ್ತು ಸಮಯವನ್ನು ಬರೆದ ಚೀಟಿ ಕೊಡುತ್ತಾರೆ. ನಿಗದಿತ ಅವಧಿಯಲ್ಲಿ ಇನ್ನೊಂದು ತುದಿಯಿಂದ ಹೊರಬೀಳಬೇಕು, ನಡುವೆ ಮನಸ್ಸು ಬಂದಲ್ಲಿ ನಿಲ್ಲಿಸಿ ಊಟಕ್ಕೆ ಕೂರುವಂತಿಲ್ಲ. ಇದು ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ. ಆದ್ದರಿಂದ ಬಿಡುವಾಗಿ ಕಳೆಯುವ ಸಮಯವನ್ನೆಲ್ಲ ಉದ್ಯಾನದ ಎರಡೂ ಬದಿಗೆ ಹಂಚಿ, ಒಳಗೆ ಕದಂಬಿ ಮತ್ತು ಹನುಮಾನಗುಂಡಿ ಜಲಪಾತಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಕದಂಬಿ ರಸ್ತೆಗೇ ಕಾಣುತ್ತದೆ. ಹನುಮಾನಗುಂಡಿಗೆ ಟಿಕೆಟ್ ಪಡೆದು ಬಹಳಷ್ಟು ಮೆಟ್ಟಿಲು ಇಳಿಯಬೇಕು, ಮತ್ತೆ ಅಷ್ಟನ್ನೂ ಹತ್ತಬೇಕು. ಮೊಣಕಾಲಿನ ನೋವಿರುವ ಅಪ್ಪ ಮೇಲೆಯೇ ಕುಳಿತಿರುವುದಾಗಿ ಹೇಳಿದ್ದಾರೆ.

ಇಳಿಯುವ ದಿಕ್ಕನ್ನು ಬೇಕೆಂದೇ ಆರಿಸಿದೆ. ಅಕ್ಟೋಬರ್‌ನ ಮಧ್ಯಾಹ್ನಗಳಲ್ಲಿ ಘಟ್ಟದ ಮೇಲೆ ಗುಡುಗು ಮಳೆ ಬರುವುದು ಸಾಮಾನ್ಯ. ಕಾರ್ಕಳದಿಂದ ಹತ್ತಿದರೆ ಮೇಲಿನ ಹುಲ್ಲುಗಾವಲು ಮುಟ್ಟುವ ಹೊತ್ತಿಗೆ ಮೋಡ ಕಟ್ಟಿರುತ್ತದೆ. ಕಳಸದಿಂದ ಬೆಳಿಗ್ಗೆ 7ಕ್ಕೆ ಹೊರಟರೆ ಎತ್ತರದ ಭಾಗವೆಲ್ಲ ಹೊತ್ತೇರುವ ಮೊದಲೇ ಸಿಗುತ್ತದೆ, ಮಳೆ ಬಂದರೂ ನಾವು ಆಗ ಬಜಗೋಳಿಯ ಹತ್ತಿರ ಇರುತ್ತೇವೆ.

ಸೆಪ್ಟೆಂಬರ್

ಎಸ್.ಕೆ. ಬಾರ್ಡರ್ ಎಂದು ಕರೆಯುವ ಕೂಡುರಸ್ತೆಯಲ್ಲಿ ಶೃಂಗೇರಿಗೂ ಕವಲು ಇದೆ. ಅತ್ತ ತಿರುಗಿದರೆ ವಿದ್ಯಾಶಂಕರ ದೇವಾಲಯ ನೋಡಿ ಘಟ್ಟದ ಮೇಲೆಯೇ ಉಳಿಯಬಹುದಿತ್ತು, ಮತ್ತು ಹೆಂಡತಿಯ ಮೊದಲ ಒಲವು ಅದೇ ಆಗಿತ್ತು. ಕಾರ್ಕಳದ ಪರವಾಗಿ ನನ್ನ ವಾದ ಹೀಗಿತ್ತು: ಕಳಸ ಮತ್ತು ಕಾರ್ಕಳ ಎರಡೂ ಒಂದೇ ಮನೆತನದ, ಅಂದರೆ ಭೈರರಸರ, ರಾಜಧಾನಿಗಳಾಗಿದ್ದವು, ಘಟ್ಟದ ಮೇಲಿನ ರಾಜಧಾನಿಯಿಂದ ಕೆಳಗಿನ ರಾಜಧಾನಿಗೆ ಇಳಿದರೆ ಈ ಹಗಲಿಗೆ ಒಂದು ಆದಿ ಅಂತ್ಯ ಸಿಗುತ್ತದೆ. ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ, 1586ರ ಚತುರ್ಮುಖ ಬಸದಿ, ಇವೆರಡೂ ಹತ್ತಿರ ಹತ್ತಿರವೇ ಇವೆ. ಮಳಖೇಡದ ಬಸದಿಯನ್ನು ನೋಡಿರುವ ಮಕ್ಕಳಿಗೆ ಇದು ಪೂರ್ತಿ ಅಪರಿಚಿತವೂ ಆಗುವುದಿಲ್ಲ. ಬಂಡೆ ಕಾಯ್ದಿರುವ ಮಧ್ಯಾಹ್ನವನ್ನು ಬಿಟ್ಟು ನಾಲ್ಕು ಗಂಟೆಯ ನಂತರ ಗುಡ್ಡ ಹತ್ತುವುದೆಂದು ಬರೆದಿಟ್ಟಿದ್ದೇನೆ. ವಾದ ಗೆದ್ದಿತು. ಗೆಲ್ಲಿಸಿದ್ದು ಮಾತ್ರ ಇತಿಹಾಸವಲ್ಲ, ಕಾರ್ಕಳದಿಂದ ಧರ್ಮಸ್ಥಳ ಹತ್ತಿರವೆಂಬ ಸಂಗತಿ. "ಅಷ್ಟು ದೂರ ಹೋಗಿ ಮಂಜುನಾಥನ್ನ ನೋಡದs ಬಂದ್ರ ಮಂದಿ ಏನಂದಾರು?" ಎಂದು ಅವ್ವ ಕೇಳಿದ ಮೇಲೆ ಶೃಂಗೇರಿಯ ಮಾತು ಯಾರೂ ಎತ್ತಲಿಲ್ಲ. ಆ ರಾತ್ರಿ ಧರ್ಮಸ್ಥಳದಲ್ಲಿ ತಂಗಿ, ಮರುದಿನ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಬೇಲೂರಿನ ಮೇಲೆ ಹಾಸನ ಸೇರುತ್ತೇವೆ.

ಹಿಂದಿನ ರಾತ್ರಿಯ ವಸತಿ ಕಳಸದಲ್ಲಿ, ಊಟ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ. ಎರಡರ ನಡುವೆ 8 ಕಿ.ಮೀ. ಮಾತ್ರ. ವಾಹನದ ಡೀಸೆಲ್ ಕಳಸದಲ್ಲೇ ತುಂಬಿಸಬೇಕೆಂದು ಚಾಲಕನಿಗೆ ಹೇಳಿದ್ದೇನೆ. ಕಾಡಿನಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲದ ಕಾರಣ ನಕಾಶೆಯನ್ನು ಮೊದಲೇ ಇಳಿಸಿಟ್ಟುಕೊಂಡು, ಕಾಗದದ ಮೇಲೂ ಒಂದು ಪ್ರತಿ ತೆಗೆದಿದ್ದೇನೆ. ಮಗನಿಗೆ ತಿರುವಿನ ದಾರಿಯಲ್ಲಿ ವಾಂತಿಯಾಗುವುದರಿಂದ ಅವನಿಗೆ ಮುಂದಿನ ಆಸನ, ಬೆಳಿಗ್ಗೆ ಹಗುರ ತಿಂಡಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಪ್ಲಾಸ್ಟಿಕ್ ಚೀಲಗಳ ಬದಲು ಎಲ್ಲವೂ ಸ್ಟೀಲ್ ಡಬ್ಬಿಗಳಲ್ಲಿ. ಅದನ್ನು ಬಿಚ್ಚುವುದು ಉದ್ಯಾನ ದಾಟಿದ ಮೇಲೆ. ಕಾಡಿನೊಳಗೆ ಡಬ್ಬಿ ತೆರೆದರೆ ಮಂಗಗಳು ಬರುತ್ತವೆ, ಮಂಗಗಳಿಗೆ ಮನುಷ್ಯರ ಆಹಾರದ ರುಚಿ ಹತ್ತಿಸುವುದು ಅವುಗಳಿಗೇ ಕೇಡು. ಇದೇ ಕಾಡು ಸಿಂಗಳೀಕಗಳ ನೆಲೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಎಂಬತ್ತರ ದಶಕದಲ್ಲಿ ಇಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆ ಈ ಉದ್ಯಾನ ರೂಪುಗೊಳ್ಳಲು ಕಾರಣವಾದವುಗಳಲ್ಲಿ ಒಂದು. ನಮಗೆ ಒಂದಾದರೂ ಕಂಡೀತೆಂಬ ಆಸೆ ಮಗಳಿಗಿದೆ, ರಸ್ತೆಯಿಂದ ಕಾಣುವ ಭರವಸೆಯನ್ನು ನಾನು ಕೊಟ್ಟಿಲ್ಲ.

ಇನ್ನು ಬಾಕಿ ಇರುವುದು ಧರ್ಮಸ್ಥಳದ ವಸತಿಯನ್ನು ಖಚಿತಪಡಿಸಿಕೊಳ್ಳುವುದು, ಮತ್ತು ಹೊರಡುವ ವಾರದಲ್ಲಿ ಚಾರ್ಮಾಡಿ ಘಾಟಿ ಸಂಚಾರಕ್ಕೆ ತೆರೆದಿದೆಯೇ ಎಂದು ಚಾಲಕನಿಂದ ತಿಳಿದುಕೊಳ್ಳುವುದು. ಮಳೆಯಿಂದ ಅದು ಮುಚ್ಚಿದ್ದರೆ ಶಿರಾಡಿ ಘಾಟಿಯ ಮೇಲೆ ಸಕಲೇಶಪುರಕ್ಕೆ ಹತ್ತುತ್ತೇವೆ. ಹಾಸನದ ರೈಲಿಗೆ ಆ ದಾರಿಯಲ್ಲೂ ಸಮಯ ಸಾಕಾಗುವಂತೆ ಧರ್ಮಸ್ಥಳದಿಂದ ಹೊರಡುವ ಹೊತ್ತನ್ನು ಬೆಳಿಗ್ಗೆ 8ಕ್ಕೆ ತಂದಿದ್ದೇನೆ.