ಟೊಂಕ ಉಳುಕಿದ ಮೇಲೆ ಓಟ: ಪಂಚಮಿಯಿಂದ ದಸರಾವರೆಗೆ

ಪಂಚಮಿ ಹೊತ್ತು

ಈ ವರ್ಷ ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ನಿಲ್ಲದೆ ಓಡಿ ಹತ್ತಬೇಕು ಅನ್ನುವುದು ನನ್ನ ಹಟ. ತಯಾರಿಗೆ ಗದಗ ರಸ್ತೆ ಕಡೆಯ ಹೊಲದ ದಾರಿ ಹಿಡಿದಿದ್ದೆ. ರಾತ್ರಿ ಮಳೆ ಬಿದ್ದಿತ್ತು. ನೆನೆದ ಎರೆ ಮಣ್ಣು ಗೊತ್ತಲ್ವಾ, ಎಡಗಾಲಿನ ಬೂಟು ಅಂಟಿಕೊಂಡು ನಿಂತಿತು, ಬಲಗಾಲು ಪಕ್ಕಕ್ಕೆ ಜಾರಿತು. ಬಲ ತೊಡೆಸಂದಿನಲ್ಲಿ ಚುಳ್ ಅಂದಿತು.

ಮನೆಯಲ್ಲಿ ದೊಡ್ಡವ್ವ, "ಕಾಲು ಮುಂದಾಗಿ ಹುಟ್ಟಿದವ್ರ ಕಡೆ ಒದಿಸ್ಕೋ, ಉಳುಕು ಹೋಗ್ತದ" ಅಂದರು. ಕಾಕಾ ಎಣ್ಣೆ ಬಿಸಿ ಮಾಡಿಯೇ ಬಿಟ್ಟಿದ್ದರು. ಇಬ್ಬರಿಗೂ ಕೈ ಮುಗಿದೆ. ಹೊಸ ಪೆಟ್ಟನ್ನು ಜೋರಾಗಿ ತಿಕ್ಕಿದರೆ ಬಾವು ಜಾಸ್ತಿ ಆಗಬಹುದು. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಟ್ಟುಕೊಂಡೆ, ಅಷ್ಟೇ.

ಡಾಕ್ಟರು ಮೊದಲು ಕೇಳಿದ್ದು, "ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರಿಸಿ." ಅದರಲ್ಲೇ ಅರ್ಧ ವಿಷಯ ಇದೆ. ಸೊಂಟದ ಕೀಲಿನ ನೋವು ಹೆಚ್ಚಾಗಿ ಮುಂದೆ, ತೊಡೆಸಂದಿನಲ್ಲಿ ಕಾಣುತ್ತದೆ. ಹೊರಬದಿಯ ನೋವಿಗೆ ಸಾಮಾನ್ಯವಾಗಿ ಕುಂಡಿಯ ಸ್ನಾಯುಗಳು ಕಾರಣ. ಮೊಣಕಾಲು ದಾಟಿ ಕೆಳಗಿಳಿದರೆ ಬೆನ್ನಿನ ನರದ ಮೇಲೆ ಅನುಮಾನ. ನಾವು ಉಳುಕು ಅಂದದ್ದರಲ್ಲಿ ಬಹಳಷ್ಟು ಸ್ನಾಯು ಎಳೆತವೇ. ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟ್ ಇಲ್ಲಿ ತುಂಬಾ ಗಟ್ಟಿ. ಈ ಕೀಲಿನ ಮುಂದಿರುವ ಇಲಿಯೋಫೆಮೊರಲ್ ಲಿಗಮೆಂಟೇ ಇಡೀ ದೇಹದಲ್ಲಿ ಬಲವಾದದ್ದು. ನನಗೂ ಎಳೆದದ್ದು ಒಳತೊಡೆಯ ಸ್ನಾಯು, ಎರಡನೇ ದರ್ಜೆ. ಅಂದರೆ ಸ್ವಲ್ಪ ಹರಿದಿದೆ, ಪೂರ್ತಿ ಅಲ್ಲ. ಕೆಲವು ವಾರ ಬೇಕೇ ಬೇಕು.

ಓಡುವವರು ಒಂದು ಮಾತು ನೆನಪಿಡಿ. ತೊಡೆಸಂದಿನ ನೋವು ಕಾಲೂರಿದಾಗಲೆಲ್ಲ ಜಾಸ್ತಿ ಆಗುತ್ತಾ ಹೋದರೆ ತೊಡೆ ಎಲುಬಿನ ಕತ್ತಿನಲ್ಲಿ, ಅಂದರೆ ಸೊಂಟದ ಕೀಲಿನ ಹತ್ತಿರ ಆ ಎಲುಬು ಕಿರಿದಾಗುವ ಜಾಗದಲ್ಲಿ, ಸಣ್ಣ ಬಿರುಕು ಇರಬಹುದು. ಮೊದಲಿಗೆ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರುತ್ತದೆ. ಎಂಆರ್‌ಐ ಬೇಕಾಗಬಹುದು. ಕಾಲೂರಲು ಆಗದಿದ್ದರೆ, ಬಿದ್ದ ಮೇಲೆ ಕಾಲು ಗಿಡ್ಡ ಆದಂತೆ ಕಂಡರೆ, ಜ್ವರ ಬಂದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಿ.

ಶ್ರಾವಣ ಮುಗಿಯುವಾಗ

ನೋವು ಬಲಕ್ಕೆ, ಕೋಲು ಎಡಗೈಯಲ್ಲಿ. ಓಣಿಯವರೆಲ್ಲ ನನ್ನನ್ನು ತಿದ್ದಲು ಬಂದರು! ಒಂಟಿಕಾಲಲ್ಲಿ ನಿಂತಾಗ ಸೊಂಟದ ಕೀಲಿನ ಮೇಲೆ ಮೈತೂಕದ ಎರಡೂವರೆ, ಮೂರು ಪಟ್ಟು ಭಾರ ಬೀಳುತ್ತದೆ. ಆ ಬದಿಯ ಸ್ನಾಯು ಮೈಯನ್ನು ಬೀಳದಂತೆ ಎಳೆದು ಹಿಡಿಯಬೇಕಲ್ಲ. ಎದುರು ಕೈಯಲ್ಲಿ ಕೋಲು ಇದ್ದರೆ ಆ ಎಳೆತವೇ ಕಡಿಮೆ.

ಚಕ್ಕಳಮಕ್ಕಳ ಕೂರುವುದು ಬಂದ್. ಉಂಡಿ ತಿಂದದ್ದೂ ಕುರ್ಚಿಯಲ್ಲಿ. ವ್ಯಾಯಾಮ ಅಂದರೆ ಮಲಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಮೆಲ್ಲಗೆ ಒತ್ತುವುದು. ಸುಮ್ನೆ ಮಲಗಿದ್ದರೆ ಸ್ನಾಯು ಸೊರಗುತ್ತದೆ.

ಗಣಪತಿ

ನಡೆದರೆ ನೋವಿಲ್ಲ. ಆದರೆ ಕನ್ನಡಿ ಮುಂದೆ ಬಲಗಾಲಲ್ಲೇ ನಿಂತರೆ ಸೊಂಟದ ಎಡಬದಿ ಕೆಳಗೆ ಜೋಲುತ್ತಿತ್ತು. ಅಂದರೆ ಬಲಬದಿ ಇನ್ನೂ ಸೋತಿದೆ. ನೋವು ಹೋದದ್ದನ್ನೇ ವಾಸಿ ಅಂದುಕೊಳ್ಳುವ ಓಟಗಾರರು ಇಲ್ಲೇ ಮತ್ತೆ ಮಲಗುತ್ತಾರೆ. ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಕಾಲು ಎತ್ತುವುದು ಸೇರಿಸಿದೆ.

ಉಣಕಲ್ ಕೆರೆ ದಂಡೆಯಲ್ಲಿ ಸ್ವಲ್ಪ ಓಟ, ಸ್ವಲ್ಪ ನಡಿಗೆ ಶುರು. ತೀರ್ಪು ಮಾರನೇ ಬೆಳಿಗ್ಗೆ: ತೊಡೆಸಂದು ಬಿಗಿದಿದ್ದರೆ ಓಟ ಹಿಂದಕ್ಕೆ, ಇಲ್ಲದಿದ್ದರೆ ಸ್ವಲ್ಪ ಮುಂದಕ್ಕೆ. ಓಣಿ ಓಣಿ ಗಣಪತಿ ನೋಡುತ್ತ ಸುತ್ತಿದ್ದೂ ಈ ಲೆಕ್ಕಕ್ಕೆ ಬಂತು.

ದಸರಾ

ಬೆಟ್ಟವನ್ನು ನಡೆದು ಹತ್ತಿದೆ, ತೊಂದರೆ ಇಲ್ಲ. ಸಮತಟ್ಟಿನಲ್ಲಿ ನಿಧಾನ ಓಟವೂ ಸರಿ. ಪಕ್ಕಕ್ಕೆ ಹೆಜ್ಜೆ ಹಾಕಿದರೆ ಮಾತ್ರ ಇನ್ನೂ ಅಳುಕು. ಈಗಿನ ಕೆಲಸ ಕೋಪನ್‌ಹೇಗನ್ ಪ್ಲ್ಯಾಂಕ್: ಪಕ್ಕಕ್ಕೆ ಮಲಗಿ, ಮೇಲಿನ ಮೊಣಕಾಲನ್ನು ಕುರ್ಚಿ ಮೇಲಿಟ್ಟು, ಮೈ ಎತ್ತಿ ಹಿಡಿಯುವುದು. ಎಡಗಾಲು ತಡೆಯುವ ಅರ್ಧ ಹೊತ್ತೂ ಬಲಗಾಲು ತಡೆಯುತ್ತಿಲ್ಲ. ಎರಡೂ ಸಮ ಆಗುವವರೆಗೆ ಬೆಟ್ಟಕ್ಕೆ ಓಡುವುದಿಲ್ಲ.