ಅಟ್ಟದಿಂದ ಇಳಿದ ಕೊಳಗ

ಜೂನ್ 9, 2022, ಗುರುವಾರ

ಗೇಣಿದಾರರ ಪರ ನಿಂತ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ತೀರಿಕೊಂಡು ಇಂದಿಗೆ ಐವತ್ತು ವರ್ಷ. ಬೆಳಿಗ್ಗೆ ಕಾಫಿ ಕೊಡುವಾಗ ಅಮ್ಮನಿಗೆ ಹೇಳಿದೆ. ಅವಳು ಏನೂ ಮಾತಾಡದೆ ನನ್ನನ್ನು ಅಟ್ಟ ಹತ್ತಿಸಿ ಅಜ್ಜನ ಕೊಳಗವನ್ನು ಇಳಿಸಿಕೊಂಡಳು. ಮರದ ಕೊಳಗ, ಬಾಯಿಗೆ ಬಡಿದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದಿದೆ, ತಳದ ಒಂದು ಮಗ್ಗುಲನ್ನು ಗೆದ್ದಲು ತಿಂದಿದೆ. ಸೆರಗಿನಿಂದ ಅದರ ಒಳಗನ್ನೆಲ್ಲ ಒರೆಸಿ ದೇವರ ದೀಪದ ಪಕ್ಕದಲ್ಲಿಟ್ಟಳು.

ಗೇಣಿ ಭತ್ತ ಅಳೆಯಲು ಒಡೆಯರು ಸರ್ಕಾರಿ ಅಳತೆಗಿಂತ ದೊಡ್ಡ ಕೊಳಗ ಬಳಸುತ್ತಾರೆಂಬ ತಕರಾರೇ ನಮ್ಮ ಸಾಗರ ಸೀಮೆಯಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಕಿಡಿಯಾಯಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಶುರುವಾದ ಹೋರಾಟದಲ್ಲಿ ರೈತರು ನೇಗಿಲು ಹೊತ್ತು ಗದ್ದೆಗಿಳಿದು ತಂಡತಂಡವಾಗಿ ಸೆರೆಯಾದರು. ಗೋಪಾಲಗೌಡರು ಮತ್ತಿತರ ಸಮಾಜವಾದಿಗಳು ಬೆನ್ನಿಗೆ ನಿಂತರು, ಅವರ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಜೈಲಿಗೆ ಹೋದವರಲ್ಲಿ ನನ್ನ ಅಜ್ಜನೂ ಒಬ್ಬ. ಮನೆಯಲ್ಲಿ ಈ ಕಥೆಯನ್ನು ಹೇಳುವಾಗಲೆಲ್ಲ ಅಜ್ಜನ ಹೆಸರೇ ಮೊದಲು ಬರುತ್ತಿತ್ತು. ಇವತ್ತು ಅಮ್ಮ ಅಜ್ಜಿಯ ಮಾತೆತ್ತಿದಳು. ಅಜ್ಜ ಒಳಗಿದ್ದಷ್ಟು ದಿನ ಅಜ್ಜಿ ಎರಡು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಕಂಡವರ ಮನೆಯ ಭತ್ತ ಕುಟ್ಟಿ, ಕೂಲಿಗೆಂದು ಕೊಟ್ಟ ನುಚ್ಚಿನಲ್ಲಿ ಗಂಜಿ ಕಾಯಿಸಿ, ತಾನು ಬರೀ ತಿಳಿ ಕುಡಿದು ಮಲಗುತ್ತಿದ್ದಳಂತೆ. ಯಾವ ಸತ್ಯಾಗ್ರಹಿಗಳ ಪಟ್ಟಿಯಲ್ಲೂ ಅವಳ ಹೆಸರಿಲ್ಲ. ಅವಳು ಬದುಕಿದ್ದಾಗ ನಾನು ಇದನ್ನು ಕೇಳಲೇ ಇಲ್ಲವಲ್ಲ ಎಂಬ ನೋವು ಹಗಲಿಡೀ ಕಾಡಿತು.

1952ರ ಚುನಾವಣೆಯಲ್ಲಿ ಗೌಡರು ಜನರಿಂದಲೇ ಓಟನ್ನೂ ನೋಟನ್ನೂ ಬೇಡಿ ಗೆದ್ದರು. ಅಜ್ಜ ಕೊಟ್ಟದ್ದು ನಾಲ್ಕಾಣೆ. ಮೂರು ಸಲ ಶಾಸಕರಾದ ಅವರು 49ನೇ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡರು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅಜ್ಜ ತಾನು ಉಳುವ ಗೇಣಿ ಗದ್ದೆ ತನಗೆ ಸೇರಬೇಕೆಂದು ಅರ್ಜಿ, ಅಂದರೆ ಡಿಕ್ಲರೇಷನ್, ಹಾಕಿದ, ಎರಡೆಕರೆ ಗದ್ದೆ ಅವನ ಹೆಸರಿಗಾಯಿತು, ಅದರ ಭತ್ತ ಮಾರಿಯೇ ನಾನು ಕಾಲೇಜು ಓದಿದೆ. ಉಳುವವನೇ ಒಡೆಯನಾಗುವುದನ್ನು ಕಾಣಬೇಕಾಗಿದ್ದ ಗೌಡರ ಕಣ್ಣುಗಳು ಅಷ್ಟರಲ್ಲಿ ಮುಚ್ಚಿದ್ದವು. ಅವರ ಹೆಂಡತಿ ಮಕ್ಕಳೂ ಈ ಊರಿನ ಪಾಲಿನ ಕಷ್ಟವನ್ನು ಹೊತ್ತರೆಂದು ನೆನೆದಾಗ, ನಾನುಣ್ಣುವ ಅನ್ನದಲ್ಲಿ ಎಷ್ಟು ಮನೆಗಳ ಹಸಿವಿದೆಯೋ ಅನ್ನಿಸುತ್ತದೆ.

ಪಂಚಾಯಿತಿ ಸದಸ್ಯೆಯಾಗಿ ಒಂದೂವರೆ ವರ್ಷವಾಯಿತು. ನಾಳೆ ಗ್ರಾಮಸಭೆ, ಬಡವರಿಗೆ ಮನೆ ಕೊಡುವ ಪಟ್ಟಿ ಓದಬೇಕು. ಚಿಕ್ಕಪ್ಪನ ಮಗ, ತಾರಸಿ ಮನೆಯಿದ್ದವನು, ತನ್ನ ಹೆಸರೂ ಸೇರಲಿ ಎಂದು ವಾರದಿಂದ ಕೇಳುತ್ತಿದ್ದಾನೆ. ಚಿಕ್ಕಂದಿನಿಂದ ನನ್ನ ಬೆನ್ನಿಗಿದ್ದ ತಮ್ಮ. ಚುನಾವಣೆಯಲ್ಲಿ ಮನೆಮನೆ ತಿರುಗಿದವನೂ ಅವನೇ. ಇಲ್ಲವೆನ್ನಲು ಬಾಯಿ ಬಾರದೆ ದಿನ ದೂಡುತ್ತಿದ್ದೆ.

ರಾತ್ರಿ ಊಟವಾದ ಮೇಲೆ ಅವನಿಗೆ ಫೋನ್ ಮಾಡಿ, ಹೆಸರು ಸೇರಿಸಲಾರೆನೆಂದು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಅಮ್ಮ ಕೈಚಾಚಿ ಫೋನ್ ಇಸಿದುಕೊಂಡು, "ನಾಳೆ ಮಧ್ಯಾಹ್ನ ಊಟಕ್ಕೆ ಬಾ ಮಗಾ, ನಿಂಗೆ ಅಜ್ಜಿ ಕಥೆ ಹೇಳ್ತೀನಿ" ಎಂದಳು.