ಮನೆಮಾತಿನಿಂದ ಪ್ರಬಂಧಕ್ಕೆ: ಫಸ್ಟ್ ಬಿಕಾಂ ಕ್ಲಾಸಿನ ಈ ಸೆಮಿಸ್ಟರ್

ಜುಲೈ

ಈ ಸಲ ಫಸ್ಟ್ ಬಿಕಾಂ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಬೇರೆ ಥರ ಕಲಿಸಲು ಹೊರಟಿದ್ದೇನೆ. ಪರಿಸರ ಮಾಲಿನ್ಯ, ಮೊಬೈಲಿನಿಂದ ಆಗುವ ಲಾಭ ನಷ್ಟ, ಇವನ್ನೆಲ್ಲ ಬದಿಗಿಟ್ಟೆ. ಹೈಸ್ಕೂಲಿನಿಂದ ಗೈಡ್ ನೋಡಿ ಬರೆದು ಬರೆದು ಅವು ಬಾಯಿಪಾಠ ಆಗಿಬಿಟ್ಟಿವೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಯಾರ ಹಾಳೆ ಯಾರದ್ದು ಅಂತ ಹೆಸರು ನೋಡಿಯೇ ತಿಳಿಯಬೇಕು.

ಇಡೀ ಸೆಮಿಸ್ಟರಿಗೆ ಒಂದೇ ವಿಷಯ ಇಟ್ಟುಕೊಂಡಿದ್ದೇನೆ: ನೀವು ಯಾವ ಯಾವ ಮಾತಿನಲ್ಲಿ, ಯಾರ ಜೊತೆ, ಹೇಗೆ ಬದುಕುತ್ತೀರಿ.

ನಮ್ಮ ಕಾಲೇಜು ಇರುವುದು ಪುತ್ತೂರು, ಸುಳ್ಯ ಕಡೆ. ಒಂದೇ ಕ್ಲಾಸಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಅರೆಭಾಷೆ, ಹವ್ಯಕ, ಮಲಯಾಳ ಮಾತಾಡುವ ಮಕ್ಕಳಿದ್ದಾರೆ. ಕನ್ನಡ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಮನೆಯಲ್ಲಿ ಆಡುವ ಮಾತಿಗೂ ಕ್ಲಾಸಿನಲ್ಲಿ ಬರೆಯುವ ಮಾತಿಗೂ ಸಂಬಂಧವೇ ಇಲ್ಲ ಅಂತ ಮಕ್ಕಳು ನಂಬಿಕೊಂಡು ಬಂದಿರುತ್ತಾರೆ. ಬರವಣಿಗೆ ಒಣಗುವುದು ಅಲ್ಲಿಂದಲೇ ಎನ್ನುವುದು ನನ್ನ ಅನಿಸಿಕೆ.

ಇದು ನನ್ನ ಹೊಸ ಯೋಚನೆಯೇನಲ್ಲ. ಅಮೆರಿಕದ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಬರವಣಿಗೆಗೆಂದೇ ಒಂದು ಕೋರ್ಸು ಇರುತ್ತದೆ. ಅಲ್ಲಿ ಬರವಣಿಗೆ ಕಲಿಸುವವರ ಸಂಘಟನೆ 1974ರಲ್ಲೇ ಒಂದು ಠರಾವು ಮಾಡಿತು: ವಿದ್ಯಾರ್ಥಿಗೆ ತಾನು ಬೆಳೆದ ಮಾತಿನ ಮೇಲೆ ಹಕ್ಕಿದೆ. ಅಲ್ಲಿ ಮಾತು ಬಂದದ್ದು ಇಂಗ್ಲಿಷಿನ ಬೇರೆ ಬೇರೆ ಬಗೆಗಳ ಬಗ್ಗೆ. ನಮ್ಮಲ್ಲಿ ಬೆಂಚಿಗೊಂದು ಭಾಷೆಯೇ ಇದೆ. ಆ ಠರಾವು ಓದಿದಾಗಿನಿಂದ ನಮ್ಮ ಕ್ಲಾಸೇ ಕಣ್ಣ ಮುಂದೆ ಬರುತ್ತಿತ್ತು.

ಆಗಸ್ಟ್ ಮೊದಲ ವಾರ

ಮೊದಲ ಕೆಲಸ, ಭಾಷೆಯ ದಿನಚರಿ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಯಾರ ಹತ್ತಿರ ಯಾವ ಮಾತಿನಲ್ಲಿ ಏನು ಹೇಳಿದಿರಿ ಅಂತ ಬರೆದು ತನ್ನಿ ಎಂದಿದ್ದೆ. ಅರ್ಧ ಪುಟ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಎರಡು ಮೂರು ಪುಟ ತಂದರು.

ಒಬ್ಬಳು ಅಮ್ಮನ ಹತ್ತಿರ ಕೊಂಕಣಿ, ಬಸ್ ಕಂಡಕ್ಟರ್ ಹತ್ತಿರ ತುಳು, ನನ್ನ ಹತ್ತಿರ ಕನ್ನಡ, ಅಕೌಂಟ್ಸ್ ಕ್ಲಾಸಿನಲ್ಲಿ ಇಂಗ್ಲಿಷ್. ತೋಟದ ಕೆಲಸಕ್ಕೆ ಬರುವ ಜಾರ್ಖಂಡಿನವರ ಹತ್ತಿರ ಹಿಂದಿ. ಒಬ್ಬ ಮಗ್ಗಿ ಹೇಳುವುದು ಕನ್ನಡದಲ್ಲಿ, ದುಡ್ಡು ಎಣಿಸುವುದು ತುಳುವಿನಲ್ಲಿ. ವಾಟ್ಸ್ಯಾಪಿನಲ್ಲಿ ಹೆಚ್ಚಿನವರು ತುಳು, ಬ್ಯಾರಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಅದೂ ಬರವಣಿಗೆಯೇ ಅಲ್ವಾ ಎಂದಾಗ ಅವರಿಗೆ ಆಶ್ಚರ್ಯವಾಯಿತು. ದಿನಕ್ಕೆ ನೂರು ಸಾಲು ಬರೆಯುವ ಮಕ್ಕಳು ‘ನಮಗೆ ಬರೆಯಲು ಬರುವುದಿಲ್ಲ ಮೇಡಂ’ ಅನ್ನುತ್ತಿದ್ದರು!

ಕ್ಲಾಸಿನಲ್ಲಿ ಮನೆಮಾತು ಕನ್ನಡವೇ ಆಗಿರುವವರಲ್ಲಿ ಒಬ್ಬ ವಿಜಯಪುರ ಕಡೆಯ ಹುಡುಗ, ಹಾಸ್ಟೆಲಿನಲ್ಲಿದ್ದಾನೆ. ‘ನಿನ್ನ ಕನ್ನಡ ಸರಿ ಇಲ್ಲ’ ಅಂತ ಅತಿ ಜಾಸ್ತಿ ಕೇಳಿಸಿಕೊಂಡವನು ಅವನೇ. ದಿನಚರಿ ಓದಿ ಮುಗಿಸಿ ನೇರವಾಗಿ ಕೇಳಿದ: ‘ಹಂಗಾದ್ರ ನಾ ಮಾತಾಡೋದು ಕನ್ನಡ ಅಲ್ಲೇನ್ರಿ ಮೇಡಂ?’ ಯಾರೂ ನಗಲಿಲ್ಲ. ಮಂಗಳೂರು ಕನ್ನಡವನ್ನು ಸಿನಿಮಾದಲ್ಲಿ ಹಾಸ್ಯಕ್ಕೆ ಬಳಸುವಾಗ ಇದೇ ಮಕ್ಕಳಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನ ಬಗ್ಗೆಯೇ ಎರಡನೇ ಪ್ರಬಂಧ ಬರೆಸಿದೆ.

ಮಳೆರಜೆಯ ನಂತರ

ಜಿಲ್ಲಾಡಳಿತ ಶಾಲೆ ಕಾಲೇಜಿಗೆ ರಜೆ ಕೊಟ್ಟದ್ದರಿಂದ ಪಾಠ ಹಿಂದೆ ಬಿತ್ತು. ಆದರೆ ಮಕ್ಕಳು ಮನೆಯಲ್ಲೇ ಕೂತು ಬರೆದದ್ದು ಒಳ್ಳೆಯದಾಯಿತು.

ಒಂದು ಪ್ರಬಂಧದ ಬಗ್ಗೆ ಇಲ್ಲಿ ಬರೆದಿಡಬೇಕು. ಹುಡುಗಿಯ ಅಮ್ಮ ಬೀಡಿ ಕಟ್ಟುತ್ತಾರೆ. ಮೊದಲ ಕರಡು ಹೀಗಿತ್ತು: ‘ನನ್ನ ತಾಯಿ ಬಹಳ ಕಷ್ಟಪಟ್ಟು ನಮ್ಮನ್ನು ಸಾಕಿದ್ದಾರೆ. ತಾಯಿಯೇ ದೇವರು.’ ಸುಳ್ಳೇನಲ್ಲ. ಆದರೆ ಯಾರ ತಾಯಿ ಬೇಕಾದರೂ ಆಗಬಹುದು.

ನಮ್ಮ ಕ್ಲಾಸಿನಲ್ಲಿ ಒಂದು ನಿಯಮ ಇದೆ. ಒಬ್ಬರು ಓದಿದ ಮೇಲೆ ಉಳಿದವರು ‘ಚೆನ್ನಾಗಿದೆ’ ಅನ್ನುವಂತಿಲ್ಲ. ಪ್ರಶ್ನೆ ಮಾತ್ರ ಕೇಳಬೇಕು. ಕಟ್ಟಿದ ಬೀಡಿಯನ್ನು ಒಪ್ಪಿಸಲು ಬ್ರಾಂಚಿಗೆ ಯಾರು ತೆಗೆದುಕೊಂಡು ಹೋಗುವುದು? ಎಲೆ ಸರಿ ಇಲ್ಲದಿದ್ದರೆ ಏನು ಮಾಡುತ್ತಾರೆ? ಕಟ್ಟುವಾಗ ಮಾತಾಡುತ್ತಾರಾ? ಹುಡುಗಿ ಉತ್ತರ ಹೇಳುತ್ತಾ ಹೇಳುತ್ತಾ ತಾನೇ ನೋಟ್ಸ್ ಮಾಡಿಕೊಂಡಳು.

ಎರಡನೇ ಕರಡಿನಲ್ಲಿ ಎಲೆ ನೆನೆಹಾಕುವುದು ಬಂತು. ಅಚ್ಚಿಟ್ಟು ಕತ್ತರಿಯಲ್ಲಿ ಎಲೆ ಕತ್ತರಿಸುವುದು, ಮಡಿಲ ಮೇಲಿನ ತಡ್ಪೆ (ಮೊರ), ಹೊಗೆಸೊಪ್ಪಿನ ಘಾಟು, ನೂಲು ಸುತ್ತಿ ತುದಿ ಮಡಚುವ ಉಗುರು ಬಂತು. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿಯ ಲೆಕ್ಕ ಬಂತು. ಆಮೇಲೆ ಬ್ರಾಂಚಿನಲ್ಲಿ ಬೀಡಿ ಪರೀಕ್ಷಿಸಿ ತೆಗೆದುಕೊಳ್ಳುವ ಚೆಕ್ಕರ್ ಬಗ್ಗೆ ಈ ಭಾಗ: ‘ಹೊಸ ಚೆಕ್ಕರ್ ಎರಡು ಕಟ್ಟು ಬದಿಗೆ ತಳ್ಳಿದರು. ದಾಯೆ ಆಪುಜಿ ಎಂದು ಅಮ್ಮ ಕೇಳಿದರು. ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. ಅಮ್ಮನಿಗೆ ಕನ್ನಡ ಬರುತ್ತದೆ. ಆದರೂ ಆಮೇಲೆ ಮಾತಾಡಲಿಲ್ಲ.’

‘ದಾಯೆ ಆಪುಜಿ’ ಅಂದರೆ ಯಾಕೆ ಆಗುವುದಿಲ್ಲ. ‘ತುಳು ಮಾತು ತೆಗೆದು ಕನ್ನಡದಲ್ಲಿ ಹಾಕಲಾ ಮೇಡಂ?’ ಅಂತ ಕೇಳಿದಳು. ಬೇಡ ಎಂದೆ. ಭಾಷೆ, ಅಧಿಕಾರ, ಅಸ್ಮಿತೆ ಅಂತ ನಾನು ಬೋರ್ಡಿನ ಮೇಲೆ ಬರೆದು ಒಂದು ಗಂಟೆ ವಿವರಿಸಿದರೂ ಈ ಐದು ಸಾಲಿನಷ್ಟು ಹೇಳಲಾಗುತ್ತಿರಲಿಲ್ಲ.

ವಿಜಯಪುರದ ಹುಡುಗನೂ ಎಳ್ಳಮಾಸಿಯ (ಎಳ್ಳು ಅಮಾವಾಸ್ಯೆಯ) ದಿನ ಹೊಲದಲ್ಲಿ ಚರಗ ಚೆಲ್ಲುವುದರ, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ ಚೆಲ್ಲುವುದರ ಬಗ್ಗೆ ಬರೆದಿದ್ದಾನೆ. ಕರಾವಳಿ ಮಕ್ಕಳು ಅದರ ಬಗ್ಗೆ ಕೇಳಿಯೇ ಇರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಬೆಲ್ ಆಯಿತು.

ಸೆಪ್ಟೆಂಬರ್

ಸ್ಟಾಫ್ ರೂಮಿನಲ್ಲಿ ಒಂದು ಪ್ರಶ್ನೆ ಬಂತು. ಮನೆಮಾತಿಗೇ ಇಷ್ಟು ಜಾಗ ಕೊಟ್ಟರೆ ಪರೀಕ್ಷೆಯ ಕನ್ನಡ ಯಾವಾಗ ಕಲಿಯುತ್ತಾರೆ? ನ್ಯಾಯವಾದ ಪ್ರಶ್ನೆ. ಈ ಮಕ್ಕಳು ನಾಳೆ ಬ್ಯಾಂಕ್ ಪರೀಕ್ಷೆ, ಕೆಎಎಸ್ ಬರೆಯುವವರು. ಶಿಷ್ಟ ಕನ್ನಡವನ್ನು ಗಟ್ಟಿಯಾಗಿ ಕಲಿಸದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಅದರಲ್ಲಿ ನನಗೆ ಅನುಮಾನವಿಲ್ಲ.

ಅದಕ್ಕೆ ಒಂದೇ ವಿಷಯವನ್ನು ಎರಡು ಸಲ ಬರೆಸುತ್ತಿದ್ದೇನೆ. ‘ನಮ್ಮ ರಸ್ತೆಯ ಮೋರಿ ಕುಸಿದಿದೆ.’ ಒಮ್ಮೆ ಅಜ್ಜಿಗೆ ಫೋನಿನಲ್ಲಿ ಹೇಳಿದ ಹಾಗೆ, ಇನ್ನೊಮ್ಮೆ ಗ್ರಾಮ ಪಂಚಾಯತ್ ಪಿಡಿಓಗೆ ಅರ್ಜಿ. ಅಜ್ಜಿಗೆ ಹೇಳಿದ್ದರಲ್ಲಿ ಯಾರು ಬಿದ್ದರು, ಯಾವ ಸ್ಕೂಟರ್, ಯಾವ ಹೊತ್ತು ಎಲ್ಲ ಇರುತ್ತದೆ. ಅರ್ಜಿಯಲ್ಲಿ ‘ತೊಂದರೆಯಾಗಿರುತ್ತದೆ’ ಮಾತ್ರ. ಮೊದಲನೆಯದರ ವಿವರವನ್ನು ಎರಡನೆಯದಕ್ಕೆ ತನ್ನಿ ಎಂದೆ. ಅರ್ಜಿಗಳು ಎಷ್ಟು ಬಿಗಿಯಾದವು ಅಂದರೆ, ಒಬ್ಬ ತನ್ನದನ್ನು ನಿಜವಾಗಿಯೂ ಪಂಚಾಯತಿಗೆ ಕೊಟ್ಟು ಬಂದಿದ್ದಾನೆ.

ಕಾಗುಣಿತ, ಮಹಾಪ್ರಾಣ, ವಿಭಕ್ತಿ ಇವನ್ನು ಮೂರನೇ ಕರಡಿಗೆ ಇಟ್ಟಿದ್ದೇನೆ. ಮೊದಲ ಹಾಳೆಯಲ್ಲೇ ಕೆಂಪು ಶಾಯಿ ಸುರಿದರೆ ಮಗು ಗೊತ್ತಿರುವ ಪದವನ್ನಷ್ಟೇ ಬರೆಯುತ್ತದೆ, ಗೊತ್ತಿರುವ ವಿಷಯವನ್ನಲ್ಲ. ತನ್ನದೇ ಮಾತು ಹೇಳಬೇಕೆಂದಾಗ ಅವರೇ ಬಂದು ‘ಇದು ಭ ನಾ, ಬ ನಾ?’ ಅಂತ ಕೇಳುತ್ತಾರೆ. ಹಾಗೆ ಕೇಳಿ ಕಲಿತದ್ದು ಉಳಿಯುತ್ತದೆ.

ಅಕ್ಟೋಬರ್

ಈಗ ನಡೆಯುತ್ತಿರುವುದು ಹಿರಿಯರ ಮಾತು ದಾಖಲಿಸುವ ಕೆಲಸ. ಮನೆಯ ಒಬ್ಬ ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅವರ ಭಾಷೆಯಲ್ಲೇ ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಕನ್ನಡ ನಿರೂಪಣೆ ಕೊಡಬೇಕು. ಕಷ್ಟ ಎದುರಾದದ್ದು ತುಳುವಿನ ಅರ್ಧ ಉಕಾರದಲ್ಲಿ, ಅಂದರೆ ಪದದ ಕೊನೆಗೆ ಪೂರ್ತಿ ಉ ಆಗದೆ ಅರೆಯಾಗಿ ನಿಲ್ಲುವ ಸ್ವರದಲ್ಲಿ. ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಕ್ಲಾಸಿನವರು ಚರ್ಚೆ ಮಾಡಿ ಪದದ ಕೊನೆಗೆ ಅರ್ಧಾಕ್ಷರ ಹಾಕುವುದೆಂದು ತೀರ್ಮಾನಿಸಿದರು. ತುಳು ಅಚ್ಚಾಗುವುದೂ ಹೆಚ್ಚಾಗಿ ಹೀಗೆಯೇ.

ತುಳು ಲಿಪಿ ಕಲಿತ ಒಬ್ಬ ಹುಡುಗ ಅದರಲ್ಲೇ ಬರೆಯುತ್ತೇನೆಂದ. ತುಳು ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ (ಕಂಪ್ಯೂಟರ್, ಫೋನುಗಳಲ್ಲಿ ಅಕ್ಷರ ಬರೆಯಲು ಇರುವ ಜಾಗತಿಕ ವ್ಯವಸ್ಥೆ) ಸೇರಿದೆ ಅಂತ ಎಲ್ಲರಿಗೂ ತಿಳಿಸಿದವನೂ ಅವನೇ. ಅವನಿಗೆ ಎರಡೂ ಲಿಪಿಯಲ್ಲಿ ಬರೆಯಲು ಹೇಳಿದ್ದೇನೆ. ಇದರಿಂದ ಚರ್ಚೆ ಬೇರೆ ಕಡೆ ತಿರುಗಿತು. ಕೊಂಕಣಿ 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳ ಪಟ್ಟಿ ಸೇರಿತು. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತೃಭಾಷೆ ತುಳು ಎಂದಿದ್ದರೂ ತುಳುವಿಗೆ ಅಲ್ಲಿ ಇನ್ನೂ ಜಾಗವಿಲ್ಲ. ಯಾಕೆ? ಕೂಗಾಡುವ ಬದಲು ಬರೆಯಿರಿ ಎಂದಿದ್ದೇನೆ. ಪರ ವಿರೋಧ ಎರಡೂ ಬರಲಿ.

ಬಾಕಿ ಇರುವುದು ಇಷ್ಟು: ಬ್ಯಾರಿ ಮತ್ತು ಅರೆಭಾಷೆ ಬರಹಗಳನ್ನು ಆ ಮಾತು ಬಲ್ಲವರಿಂದ ಓದಿಸಬೇಕು. ಆಯ್ದ ಪ್ರಬಂಧಗಳನ್ನು ಭಿತ್ತಿಪತ್ರಿಕೆಗೆ ಹಾಕಬೇಕು. ಬೀಡಿಯ ಪ್ರಬಂಧ ಹಾಕುವ ಮೊದಲು ಅಮ್ಮನಿಗೆ ಓದಿ ಹೇಳಿ ಒಪ್ಪಿಗೆ ಕೇಳುತ್ತೇನೆ ಅಂದಿದ್ದಾಳೆ ಹುಡುಗಿ. ಇಂಟರ್ನಲ್ ಮಾರ್ಕು ಕೊಡುವಾಗ ಮೂರೂ ಕರಡುಗಳನ್ನು ಒಟ್ಟಿಗೆ ಇಟ್ಟು ನೋಡುತ್ತೇನೆ. ಹಾಳೆಗಳನ್ನು ಪಿನ್ ಮಾಡಿ ಕೊಡಲು ಸೋಮವಾರದವರೆಗೆ ಸಮಯ ಕೊಟ್ಟಿದ್ದೇನೆ.